ಪ್ಯಾಕೇಜ್ ಟೂರಾ, ನಾವೇ ಬುಕ್ ಮಾಡೋದಾ? ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರ ಲೆಕ್ಕ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಅಪ್ಪ ಅಮ್ಮನನ್ನು ಕಾಶಿಗೆ ಕಳಿಸಬೇಕು, ಯಾತ್ರೆ ಟೂರಿನವರಿಗೆ ದುಡ್ಡು ಕಟ್ಟೋಣವಾ? ಮಕ್ಕಳಿಗೆ ಕಾಶ್ಮೀರ ತೋರಿಸಬೇಕು, ಊರಿನ ಏಜೆಂಟ್ ಒಂದು ರೇಟ್ ಹೇಳುತ್ತಾರೆ, ಮೊಬೈಲಿನಲ್ಲಿ ಕೂಡಿಸಿ ನೋಡಿದರೆ ಅದಕ್ಕಿಂತ ಕಡಿಮೆ ಬರುತ್ತದೆ, ಏನು ಮಾಡೋದು? ಇನ್‌ಸ್ಟಾಗ್ರಾಮಿನಲ್ಲಿ ಥಾಯ್ಲೆಂಡ್ ಪ್ಯಾಕೇಜ್ ಅರ್ಧ ಬೆಲೆಗೆ ಇದೆ, ನಂಬಬಹುದಾ?

ಮೂರನೆಯದಕ್ಕೆ ಉತ್ತರ ಸುಲಭ: ಬೇಡ. ಉಳಿದ ಎರಡಕ್ಕೆ ಸ್ವಲ್ಪ ಕೂತು ಯೋಚಿಸಬೇಕು.

ಎಲ್ಲರೂ ಮೊದಲು ರೇಟ್ ನೋಡುತ್ತಾರೆ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಬೇಕು. ಪ್ರವಾಸ ಸಲೀಸಾಗಿ ನಡೆದರೆ ಹೇಗೆ ಬುಕ್ ಮಾಡಿದ್ದರೂ ಅಂಥ ವ್ಯತ್ಯಾಸವೇನಿಲ್ಲ. ವ್ಯತ್ಯಾಸ ಗೊತ್ತಾಗುವುದು ವಿಮಾನ ರದ್ದಾದ ದಿನ, ಹೋಟೆಲಿನವರು ‘ನಿಮ್ಮ ಹೆಸರಲ್ಲಿ ರೂಮ್ ಇಲ್ಲ’ ಎಂದ ರಾತ್ರಿ, ಹೊರಡುವ ಹಿಂದಿನ ದಿನ ಅಜ್ಜಿಗೆ ಜ್ವರ ಬಂದಾಗ. ಏಜೆನ್ಸಿಗೆ ನಾವು ಜಾಸ್ತಿ ಕೊಡುವ ದುಡ್ಡು ಆವತ್ತು ಫೋನ್ ಎತ್ತುವ ಒಬ್ಬ ಮನುಷ್ಯನಿಗಾಗಿ. ಎತ್ತುವವರೇ ಇಲ್ಲದಿದ್ದರೆ ಅದು ದಂಡ.

ಯಾವುದರ ಮೇಲೆ ಅಳೆಯೋಣ

ಮೊದಲನೆಯದು, ನಮ್ಮ ದುಡ್ಡು ಯಾರ ಕೈಯಲ್ಲಿ ಎಷ್ಟು ದಿನ ಇರುತ್ತದೆ ಎನ್ನುವುದು. ವಿಮಾನ ಕಂಪನಿಗೆ ನೇರವಾಗಿ ಕಟ್ಟಿದರೆ ಆ ಕ್ಷಣವೇ ಟಿಕೆಟ್ ಕೈಗೆ ಬರುತ್ತದೆ. ಪ್ಯಾಕೇಜಿಗೆ ಕಟ್ಟಿದರೆ ಕೈಗೆ ಬರುವುದು ರಸೀದಿ, ಕೆಲವೊಮ್ಮೆ ಬರೀ ಬಾಯಿಮಾತು.

ಎರಡನೆಯದು, ಎಡವಟ್ಟಾದರೆ ಯಾರು ಹೊಣೆ. ಮೂರನೆಯದು, ಜೊತೆಗೆ ಬರುವವರು ಯಾರು. ಮಂಡಿನೋವಿನ ಅತ್ತೆಯವರನ್ನು ಕರೆದುಕೊಂಡು ಹೋಗುವುದಕ್ಕೂ ಇಬ್ಬರೇ ಬ್ಯಾಗ್ ಹಾಕಿಕೊಂಡು ಹೊರಡುವುದಕ್ಕೂ ಒಂದೇ ಸಲಹೆ ಹೊಂದುವುದಿಲ್ಲ.

ನಾಲ್ಕನೆಯದು ತಾರೀಕು. ಕಾಫಿ ತೋಟ ಇರುವವರು ಇದನ್ನು ಎಲ್ಲಕ್ಕಿಂತ ಮೇಲೆ ಇಡಬೇಕು. ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೇ ಹೂಮಳೆಯ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಯ ಕಾಲವೂ ಬರುತ್ತದೆ. ಮಳೆ ಯಾವಾಗ ಬೀಳುತ್ತದೋ ಯಾರಿಗೂ ಗೊತ್ತಿಲ್ಲ. ಬೀಳದಿದ್ದರೆ ಸ್ಪ್ರಿಂಕ್ಲರ್ ಇಟ್ಟು ನೀರು ಹೊಡೆಸಬೇಕು, ಆಗ ಯಜಮಾನರು ಊರಲ್ಲೇ ಇರಬೇಕು. ಅಂಥವರು ಮೂರು ತಿಂಗಳು ಮೊದಲೇ ತಾರೀಕು ಕಟ್ಟಿಕೊಂಡು, ರದ್ದು ಮಾಡಿದರೆ ಪೂರ್ತಿ ದುಡ್ಡು ಹೋಗುವ ಟೂರಿಗೆ ಸೇರುವುದು ಜೂಜು.

ಐದನೆಯದು ಖರ್ಚು, ಅದೂ ಮನೆ ಬಾಗಿಲಿಂದ ಮನೆ ಬಾಗಿಲಿಗೆ. ಪ್ಯಾಕೇಜ್ ಚೀಟಿಯಲ್ಲಿ ‘ಬೆಂಗಳೂರಿನಿಂದ ಬೆಂಗಳೂರಿಗೆ’ ಎಂದಿರುತ್ತದೆ. ಹಾಸನದಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು 200 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ಜಾಸ್ತಿ. ಬೆಳಗಿನ ಜಾವದ ವಿಮಾನ ಎಂದರೆ ಹಿಂದಿನ ರಾತ್ರಿಯೇ ಹೊರಡಬೇಕು. ಆ ಟ್ಯಾಕ್ಸಿ ಬಾಡಿಗೆ ಚೀಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ನಾವೇ ಬುಕ್ ಮಾಡಿದರೆ ಮಧ್ಯಾಹ್ನದ ವಿಮಾನ ಆರಿಸಿಕೊಂಡು ಬೆಳಿಗ್ಗೆ ಆರಾಮಾಗಿ ಹೊರಡಬಹುದು, ಅಲ್ವಾ?

ಊರಿನ ಏಜೆಂಟ್

ಇವರ ದೊಡ್ಡ ಬಲ, ಅಂಗಡಿ ಎಲ್ಲಿದೆ ಎಂದು ನಮಗೆ ಗೊತ್ತು. ಸಂತೆಯಲ್ಲೋ ಮದುವೆ ಮನೆಯಲ್ಲೋ ಎದುರಾಗುತ್ತಾರೆ. ಹೆಸರು ಕೆಟ್ಟರೆ ವ್ಯಾಪಾರ ಮುಗಿಯಿತು ಎನ್ನುವ ಭಯ ಅವರಿಗೂ ಇರುತ್ತದೆ. ಹಿರಿಯರಿಗೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಯಾತ್ರೆ ಟೂರುಗಳಲ್ಲಿ ಅಡುಗೆಯವರೇ ಜೊತೆಗೆ ಬರುತ್ತಾರೆ. ಹರಿದ್ವಾರದಲ್ಲೂ ಅನ್ನ, ಸಾರು, ಮಜ್ಜಿಗೆ. ಅರವತ್ತು ದಾಟಿದವರಿಗೆ ಇದು ಸಣ್ಣ ಮಾತಲ್ಲ.

ಆದರೆ ಒಂದು ವಿಷಯ ತಿಳಿದಿರಲಿ. ಕಾಶ್ಮೀರ, ಅಂಡಮಾನ್, ಥಾಯ್ಲೆಂಡಿನಂಥ ಪ್ಯಾಕೇಜುಗಳನ್ನು ಊರಿನ ಏಜೆಂಟ್ ತಾವೇ ನಡೆಸುವುದು ಕಡಿಮೆ. ಅವರು ಬೆಂಗಳೂರಿನ ದೊಡ್ಡ ಏಜೆನ್ಸಿಗೆ ಕೊಡುತ್ತಾರೆ, ಅವರು ಶ್ರೀನಗರದ ಆಪರೇಟರಿಗೆ, ಅವರು ಹೋಟೆಲಿಗೆ. ನಮ್ಮ ದುಡ್ಡು ಮೂರು ನಾಲ್ಕು ಕೈ ದಾಟುತ್ತದೆ. ನಡುವೆ ಒಂದು ಕೈ ನಿಂತರೂ ಹೋಟೆಲ್ ಕೌಂಟರಿನಲ್ಲಿ ‘ಪೇಮೆಂಟ್ ಬಂದಿಲ್ಲ’ ಎಂಬ ಮಾತು ಕೇಳಬೇಕಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವವರಿಗೆ ಈ ಸರಪಳಿಯ ಇನ್ನೊಂದು ತುದಿ ಚೆನ್ನಾಗಿ ಗೊತ್ತು. ಅತಿಥಿ ಪೂರ್ತಿ ಕೊಟ್ಟು ಬಂದಿರುತ್ತಾರೆ, ಏಜೆಂಟ್ ಮುಂಗಡ ಮಾತ್ರ ಕಳಿಸಿರುತ್ತಾರೆ, ಗೇಟಿನಲ್ಲಿ ಜಗಳ. ನೆಂಟರಲ್ಲಿ ಹೋಂಸ್ಟೇ ನಡೆಸುವವರು ಇದ್ದರೆ, ನೀವು ನೋಡುತ್ತಿರುವ ಪ್ಯಾಕೇಜ್ ಚೀಟಿಯನ್ನು ಅವರಿಗೆ ಒಮ್ಮೆ ತೋರಿಸಿ. ‘ಅಥವಾ ಅದೇ ದರ್ಜೆಯ ಹೋಟೆಲ್’ ಎಂಬ ಸಾಲಿನ ಮೇಲೆ ಅವರ ಬೆರಳು ಮೊದಲು ಹೋಗಿ ನಿಲ್ಲುತ್ತದೆ.

ಇನ್ನು ಚೀಟಿಯಲ್ಲಿ ಇಲ್ಲದ್ದು. ಕಾಶ್ಮೀರವನ್ನೇ ತೆಗೆದುಕೊಳ್ಳಿ. ‘ಪಹಲ್ಗಾಮ್ ಸೈಟ್‌ಸೀಯಿಂಗ್’ ಎಂದು ಬರೆದಿರುತ್ತದೆ. ಶ್ರೀನಗರದಿಂದ ನಿಮ್ಮನ್ನು ಕರೆತಂದ ಗಾಡಿ ಪಹಲ್ಗಾಮ್ ತನಕ ಮಾತ್ರ. ಅಲ್ಲಿಂದ ‘ಆರು’ ಎಂಬ ಹೆಸರಿನ ಕಣಿವೆ, ಬೇತಾಬ್ ಕಣಿವೆ, ಚಂದನ್‌ವಾಡಿಗೆ ಅಲ್ಲಿನ ಯೂನಿಯನ್ ಟ್ಯಾಕ್ಸಿಯನ್ನೇ ಹಿಡಿಯಬೇಕು. ಗುಲ್ಮಾರ್ಗ್‌ನ ಗೊಂಡೋಲಾ (ಕೇಬಲ್ ಕಾರ್) ಟಿಕೆಟ್ ಆನ್‌ಲೈನಿನಲ್ಲೇ ತೆಗೆಯಬೇಕು, ಸೀಸನ್ನಿನಲ್ಲಿ ಬೇಗ ಖಾಲಿಯಾಗುತ್ತದೆ. ಇವೆರಡೂ ಬಹಳಷ್ಟು ಪ್ಯಾಕೇಜುಗಳಲ್ಲಿ ಸೇರಿರುವುದಿಲ್ಲ. ನಾಲ್ಕು ಜನರ ಮನೆಗೆ ಇದರಿಂದಲೇ ಬಜೆಟ್ ತಲೆಕೆಳಗಾಗಬಹುದು. ‘ತಲಾ’ ಎಂದು ಹೇಳುವ ರೇಟ್ ಕೂಡ ಒಂದು ರೂಮಿಗೆ ಇಬ್ಬರು ಎನ್ನುವ ಲೆಕ್ಕದ್ದು. ಒಬ್ಬರೇ ಹೋಗುವ ಚಿಕ್ಕಪ್ಪನಿಗೆ ಜಾಸ್ತಿ ಬೀಳುತ್ತದೆ, ಮೂರನೆಯವರಿಗೆ ಸಿಗುವುದು ನೆಲದ ಮೇಲಿನ ಹಾಸಿಗೆ. ಅದರ ಮೇಲೆ ಜಿಎಸ್‌ಟಿ ಬೇರೆಯೋ ಸೇರಿದೆಯೋ ಕೇಳಿ.

ಟಿಕೆಟ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ‘ಪಿಎನ್‌ಆರ್ ಕೊಡಿ’ ಎಂದು ಕೇಳಿದರೆ ಕೆಲವು ಏಜೆಂಟರು ‘ಗ್ರೂಪ್ ಟಿಕೆಟ್, ಹೆಸರು ಆಮೇಲೆ ಬರುತ್ತದೆ’ ಎನ್ನುತ್ತಾರೆ. ಇದು ಸುಳ್ಳೇ ಆಗಬೇಕಿಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಗುಂಪಿಗೆ ವಿಮಾನ ಕಂಪನಿಗಳು ಮೊದಲು ಸೀಟು ಹಿಡಿದಿಟ್ಟು, ಹೆಸರನ್ನು ಆಮೇಲೆ ಪಡೆಯುತ್ತವೆ. ಆದರೆ ‘ಯಾವ ತಾರೀಕಿನೊಳಗೆ ಹೆಸರು ಬರುತ್ತದೆ’ ಎಂದು ಕೇಳಿದಾಗ ಸರಿಯಾದ ಉತ್ತರ ಬರಬೇಕು. ರೈಲಿನದು ಇನ್ನೂ ಸರಳ. ಟಿಕೆಟ್ ವ್ಯಾಪಾರ ಮಾಡಲು ರೈಲ್ವೆ ಅಥವಾ ಐಆರ್‌ಸಿಟಿಸಿಯ ಅಧಿಕೃತ ಏಜೆಂಟರಿಗೆ ಮಾತ್ರ ಅವಕಾಶ. ಯಾರದೋ ಖಾಸಗಿ ಐಡಿಯಲ್ಲಿ ತೆಗೆದು ಮಾರುವುದು ಅಪರಾಧ. 2025ರ ಜುಲೈನಿಂದ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಅಧಿಕೃತ ಏಜೆಂಟರೂ ಬುಕ್ ಮಾಡುವಂತಿಲ್ಲ. ಹಾಗಿರುವಾಗ ‘ತತ್ಕಾಲ್ ಪಕ್ಕಾ, ನನಗೆ ಬಿಡಿ’ ಎನ್ನುವವರ ಮಾತಿಗೆ ಎಷ್ಟು ಬೆಲೆ ಕೊಡಬೇಕು, ನೀವೇ ಹೇಳಿ.

ದೊಡ್ಡ ಹೆಸರಿನ ಕಂಪನಿ

ಗುಂಪು ಪ್ರವಾಸ, ಜೊತೆಗೆ ಮ್ಯಾನೇಜರ್, ಬಣ್ಣದ ಪುಸ್ತಕ. ವ್ಯವಸ್ಥೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ರದ್ದತಿ ನಿಯಮ ಮಾತ್ರ ಕಲ್ಲಿನಂತೆ ಗಟ್ಟಿ. ಹೊರಡುವ ದಿನ ಹತ್ತಿರವಾದಂತೆ ಕಡಿತ ಏರುತ್ತಾ ಹೋಗಿ ಕೊನೆಗೆ ಪೂರ್ತಿ ದುಡ್ಡೇ ಹೋಗುತ್ತದೆ.

ಹೆಸರು ದೊಡ್ಡದು ಎಂದ ಮಾತ್ರಕ್ಕೆ ದುಡ್ಡು ಭದ್ರ ಎನ್ನುವಂತಿಲ್ಲ. 1758ರಿಂದ ಹೆಸರಿದ್ದ ಕಾಕ್ಸ್ ಅಂಡ್ ಕಿಂಗ್ಸ್ 2019ರಲ್ಲಿ ಸಾಲ ತೀರಿಸಲಾಗದೆ ಕುಸಿಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಬಾಗಿಲು ಹಾಕಿತು. ಆಗ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರು ಹೊರದೇಶಗಳಲ್ಲಿದ್ದರು. (ಭಾರತದ ಥಾಮಸ್ ಕುಕ್ ಬೇರೆಯೇ ಕಂಪನಿ, ಅದಕ್ಕೇನೂ ಆಗಲಿಲ್ಲ.) ಬ್ರಿಟನ್ನಿನಲ್ಲಿ ವಿಮಾನ ಸೇರಿದ ಪ್ಯಾಕೇಜ್ ಮಾರುವವರು ಕಾನೂನಿನಂತೆ ಒಂದು ರಕ್ಷಣಾ ನಿಧಿಗೆ ಸೇರಿರಬೇಕು. ಹಾಗಾಗಿ ಕಂಪನಿ ಮುಳುಗಿದರೂ ಪ್ಯಾಕೇಜಿನ ದುಡ್ಡು ಹಿಂದಿರುಗುವ ದಾರಿ ಇತ್ತು. ನಮ್ಮಲ್ಲಿ ಅಂಥ ನಿಧಿ ಇಲ್ಲ. ಇಲ್ಲಿ ಏಜೆನ್ಸಿ ಮುಳುಗಿದರೆ ಅದಕ್ಕೆ ಸಾಲ ಕೊಟ್ಟವರ ಸರದಿಯ ಕೊನೆಯಲ್ಲಿ ನಾವು ನಿಲ್ಲುತ್ತೇವೆ. ಹತ್ತು ತಿಂಗಳು ಮೊದಲೇ ಪೂರ್ತಿ ಕಟ್ಟಿದರೆ ಇಷ್ಟು ರಿಯಾಯಿತಿ ಎನ್ನುವ ಆಫರ್ ಬಂದಾಗ ಇದನ್ನು ನೆನಪಿಡಿ.

ಸರ್ಕಾರಿ ಟೂರ್

ಐಆರ್‌ಸಿಟಿಸಿ, ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಪ್ಯಾಕೇಜುಗಳಿಗೆ ಜನ ಯಾಕೋ ಮನಸ್ಸು ಮಾಡುವುದಿಲ್ಲ. ರೂಮು ಸಾಧಾರಣ, ಊಟ ಸಾಧಾರಣ, ಆದರೆ ದುಡ್ಡು ನುಂಗಿ ಓಡಿಹೋಗುವ ಭಯ ಇಲ್ಲ. ಕಾಶಿಗೆ ಹೋಗುವ ಹಿರಿಯರಿಗೆ ನಾನು ಮೊದಲು ಹೇಳುವುದು ಭಾರತ್ ಗೌರವ್ ಕಾಶಿ ದರ್ಶನ ರೈಲನ್ನೇ. 2022ರ ನವೆಂಬರ್‌ನಲ್ಲಿ ಶುರುವಾಯಿತು. ಮುಜರಾಯಿ ಇಲಾಖೆ ಸಹಾಯಧನ ಕೊಡುತ್ತದೆ. ಮೊದಲು ₹5,000 ಇದ್ದದ್ದನ್ನು ಆಮೇಲೆ ₹7,500 ಮಾಡಿದರು. ಬೀರೂರಿನಲ್ಲೂ ಹತ್ತಲು ಅವಕಾಶ ಕೊಟ್ಟಿದ್ದರಿಂದ ಕಡೂರು, ತರೀಕೆರೆ ಕಡೆಯವರು ಬೆಂಗಳೂರಿಗೆ ಹೋಗುವುದು ತಪ್ಪಿತು. ತೊಂದರೆ ಏನೆಂದರೆ ತಾರೀಕು ಅವರದು, ಸೀಟು ಬೇಗ ತುಂಬುತ್ತದೆ.

ತಿರುಪತಿಗಾದರೆ 2025ರ ಜುಲೈನಿಂದ ಚಿಕ್ಕಮಗಳೂರಿನಿಂದಲೇ ವಾರಕ್ಕೊಮ್ಮೆ ರೈಲಿದೆ. ದರ್ಶನದ ಟಿಕೆಟನ್ನು ಟಿಟಿಡಿ ವೆಬ್‌ಸೈಟಿನಲ್ಲಿ ತೆಗೆದುಕೊಂಡರೆ ಪ್ಯಾಕೇಜಿನ ಅಗತ್ಯವೇ ಬರುವುದಿಲ್ಲ. ‘ದರ್ಶನ ಸೇರಿ’ ಎನ್ನುವ ಪ್ಯಾಕೇಜ್ ಯಾರದೇ ಆಗಲಿ, ಆ ಟಿಕೆಟ್ ಎಲ್ಲಿಂದ ಬರುತ್ತದೆ ಎಂದು ಕೇಳಿ. ಪ್ರವಾಸೋದ್ಯಮ ನಿಗಮಗಳಿಗೆ ಕೊಡುತ್ತಿದ್ದ ಕೋಟಾವನ್ನೇ ರದ್ದು ಮಾಡಲು ಟಿಟಿಡಿ ಮಂಡಳಿ 2024ರ ನವೆಂಬರ್‌ನಲ್ಲಿ ತೀರ್ಮಾನಿಸಿತ್ತು.

ನಾವೇ ಬುಕ್ ಮಾಡುವುದು

ಕಂಪನಿಯ ವೆಬ್‌ಸೈಟಿನಿಂದ ವಿಮಾನ, ಹೋಟೆಲಿಗೇ ಫೋನ್ ಮಾಡಿ ರೂಮು, ಐಆರ್‌ಸಿಟಿಸಿಯಲ್ಲಿ ರೈಲು. ಪ್ರತಿಯೊಂದಕ್ಕೂ ಬೇರೆ ಬೇರೆ ಕಟ್ಟುವುದರಿಂದ ಒಂದು ಕಡೆ ಮೋಸವಾದರೂ ಪೂರ್ತಿ ಹೋಗುವುದಿಲ್ಲ. ತಲುಪುವ ದಿನಕ್ಕೆ ಒಂದೆರಡು ದಿನ ಮೊದಲಿನ ತನಕ ಉಚಿತವಾಗಿ ರದ್ದು ಮಾಡಬಹುದಾದ ರೂಮುಗಳು ಬೇಕಾದಷ್ಟು ಸಿಗುತ್ತವೆ. ತೋಟದವರಿಗೆ ಈ ದಾರಿಯೇ ಸರಿ. ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿರುವುದರಿಂದ ತೀರಾ ಮೊದಲೇ ನಿರ್ಧಾರ ಮಾಡಬೇಕಾದ ಒತ್ತಡವೂ ಇಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು. ಆ್ಯಪಿನಲ್ಲಿ ಬುಕ್ ಮಾಡಿ ‘ನಾನೇ ಮಾಡಿದೆ’ ಎನ್ನುತ್ತಾರೆ. ಆ್ಯಪ್ ಕೂಡ ಏಜೆಂಟೇ, ಮುಖ ಇಲ್ಲದ ಏಜೆಂಟ್. ವಿಮಾನ ರದ್ದಾದರೆ ಕಂಪನಿ ‘ಆ್ಯಪಿನವರನ್ನು ಕೇಳಿ’ ಎನ್ನುತ್ತದೆ, ಆ್ಯಪಿನವರು ‘ಕಂಪನಿಯಿಂದ ಬಂದಿಲ್ಲ’ ಎನ್ನುತ್ತಾರೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಏಜೆಂಟ್ ಮೂಲಕ ತೆಗೆದ ಟಿಕೆಟಿನ ರೀಫಂಡ್ ಹೊಣೆಯೂ ವಿಮಾನ ಕಂಪನಿಯದೇ. ಈ ನಿಯಮ ಹೇಳಿ ಮೇಲ್ ಮಾಡಿದರೆ ಮಾತಿನ ಧಾಟಿ ಬದಲಾಗುತ್ತದೆ. ‘ನಾನ್ ರೀಫಂಡಬಲ್’ ಟಿಕೆಟ್ ರದ್ದು ಮಾಡಿದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸ್ ಬರಬೇಕು. ಸುಮ್ನೆ ಬಿಟ್ಟುಬಿಡಬೇಡಿ.

ಸ್ವಂತ ಬುಕಿಂಗಿನ ಅಪಾಯಗಳೂ ಕಡಿಮೆಯಲ್ಲ. ಗೋ ಫಸ್ಟ್ ವಿಮಾನ ಕಂಪನಿ 2023ರ ಮೇ 3ರಿಂದ ಹಾರಾಟ ನಿಲ್ಲಿಸಿದಾಗ ನೇರವಾಗಿ ಟಿಕೆಟ್ ತೆಗೆದವರ ದುಡ್ಡೂ ಸಿಕ್ಕಿಹಾಕಿಕೊಂಡಿತು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ವಿಮಾನ ರದ್ದು ಮಾಡಿದಾಗ ಟಿಕೆಟ್ ದುಡ್ಡು ವಾಪಸ್ ಬಂದರೂ, ಮುಂದಿನ ಊರಿನ ಹೋಟೆಲ್, ಟ್ಯಾಕ್ಸಿ ಇವುಗಳ ನಷ್ಟಕ್ಕೆ ಕೇಳುವವರಿರಲಿಲ್ಲ. ಪ್ಯಾಕೇಜಿನಲ್ಲಿ ಹೋಗಿದ್ದರೆ ಆ ಜೋಡಣೆಯ ತಲೆನೋವು ಏಜೆನ್ಸಿಯದು. ಅಂಡಮಾನಿನಲ್ಲಿ ಸಮುದ್ರ ಕೆಟ್ಟು ಫೆರ್ರಿ ನಿಂತಾಗಲೂ ಹೀಗೇ.

ಎರಡನೆಯ ಅಪಾಯ ನಕಲಿ ವೆಬ್‌ಸೈಟ್. ಕೇದಾರನಾಥ ಹೆಲಿಕಾಪ್ಟರ್, ಚಾರ್‌ಧಾಮ್, ಸೋಮನಾಥದ ಅತಿಥಿಗೃಹ, ಇವುಗಳ ಹೆಸರಿನಲ್ಲಿ ನಡೆಯುವ ವಂಚನೆ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಕೇದಾರನಾಥ ಹೆಲಿಕಾಪ್ಟರ್ ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ. ಗೂಗಲಿನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ನಂಬರಿಗೆ ಫೋನ್ ಮಾಡಿ ಯುಪಿಐ ಮಾಡುವುದು ಎಂದರೆ ದುಡ್ಡನ್ನು ಯಗಚಿ ಹೊಳೆಗೆ ಬಿಟ್ಟ ಹಾಗೆ. ಥಾಯ್ಲೆಂಡಿಗೆ ಹೋಗುವವರು 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಅದು ಉಚಿತ. ಅದಕ್ಕೂ ದುಡ್ಡು ಕೇಳುವ ನಕಲಿ ತಾಣಗಳಿವೆ.

ಕಾಶ್ಮೀರಕ್ಕೆ ಸ್ವಂತವಾಗಿ ಹೋಗುವವರು ಒಂದು ಪೋಸ್ಟ್‌ಪೇಯ್ಡ್ ಸಿಮ್ ಇಟ್ಟುಕೊಳ್ಳಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಸಿಮ್ ಸತ್ತರೆ ಒಟಿಪಿ ಇಲ್ಲ, ಟ್ಯಾಕ್ಸಿಯವರಿಗೆ ಫೋನ್ ಮಾಡುವಂತಿಲ್ಲ. ಜೇಬಿನಲ್ಲಿ ನಗದು ಇಲ್ಲದಿದ್ದರೆ ಕಥೆ ಮುಗಿಯಿತು.

ವಿದೇಶಕ್ಕೆ ಹೋಗುವವರಿಗೆ ತೆರಿಗೆಯ ಲೆಕ್ಕವೊಂದಿದೆ. ವಿದೇಶ ಪ್ಯಾಕೇಜ್ ಕೊಂಡರೆ ಏಜೆನ್ಸಿ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ ಹಿಡಿಯುತ್ತದೆ. ಬರೀ ವಿಮಾನ ಟಿಕೆಟ್ಟೋ ಬರೀ ಹೋಟೆಲ್ಲೋ ಬೇರೆಯಾಗಿ ತೆಗೆದರೆ ಅದು ಪ್ಯಾಕೇಜ್ ಅಲ್ಲ ಎಂದು ಆದಾಯ ತೆರಿಗೆ ಮಂಡಳಿ 2023ರಲ್ಲೇ ಸ್ಪಷ್ಟಪಡಿಸಿದೆ. ಟಿಸಿಎಸ್ ಕಳೆದುಹೋಗುವ ದುಡ್ಡಲ್ಲ, ರಿಟರ್ನ್ಸ್ ಹಾಕಿದಾಗ ಹೊಂದಿಕೆಯಾಗುತ್ತದೆ. ಆದರೆ ರಿಟರ್ನ್ಸ್ ಹಾಕುವ ಅಭ್ಯಾಸವೇ ಇಲ್ಲದ ಮನೆಗಳಲ್ಲಿ ಅದು ಹೋದ ಹಾಗೇ.

ದೊಡ್ಡ ಘಟನೆ ಮತ್ತು ನಮ್ಮ ಮನೆಯ ಜ್ವರ

2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಬಹಳ ಜನ ‘ಇನ್ನು ಮೇಲೆ ಪ್ಯಾಕೇಜೇ ಸರಿ, ಕರೆತರುವವರಾದರೂ ಇರುತ್ತಾರೆ’ ಎಂದರು. ಆಗ ಆದದ್ದನ್ನು ನೋಡಿ. ವಿಮಾನ ಕಂಪನಿಗಳು ಶ್ರೀನಗರದ ಟಿಕೆಟುಗಳಿಗೆ ರದ್ದತಿ ಶುಲ್ಕ ಬಿಟ್ಟವು. ರಾಜ್ಯ ಸರ್ಕಾರ ಸಚಿವರನ್ನು ಕಳಿಸಿ, ವಿಶೇಷ ವಿಮಾನದಲ್ಲಿ ಕನ್ನಡಿಗರನ್ನು ಕರೆತಂದಿತು. ಇಂಥ ದೊಡ್ಡ ಆಪತ್ತಿನಲ್ಲಿ ನೀವು ಹೇಗೆ ಬುಕ್ ಮಾಡಿದ್ದೀರಿ ಎನ್ನುವುದು ಅಷ್ಟು ಮುಖ್ಯವಾಗುವುದಿಲ್ಲ. ಮುಖ್ಯವಾಗುವುದು ನಮ್ಮ ಮನೆಯ ಜ್ವರ, ಸಾವು, ಪರೀಕ್ಷೆಯ ತಾರೀಕು ಬದಲಾದದ್ದು. ಅದಕ್ಕೆ ಯಾರೂ ಶುಲ್ಕ ಬಿಡುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ರದ್ದತಿ ನಿಯಮ ಮತ್ತು ವಿಮೆ. ಹಿರಿಯರ ಬಿಪಿ, ಶುಗರ್ ಮುಚ್ಚಿಟ್ಟು ವಿಮೆ ಮಾಡಿಸಿದರೆ ಕ್ಲೇಮ್ ಬರುವುದಿಲ್ಲ.

ದೂರ ಇರಬೇಕಾದವರು

ಇನ್‌ಸ್ಟಾಗ್ರಾಮಿನ ಅರ್ಧ ಬೆಲೆ ಪ್ಯಾಕೇಜ್ ಬೇಡ ಎಂದೆ. ವಿಳಾಸ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ದುಡ್ಡು ಹೋಗುವುದು ಯಾರದೋ ವೈಯಕ್ತಿಕ ಯುಪಿಐಗೆ. ಇನ್ನೊಂದು ಜಾತಿ, ‘ನಿಮಗೆ ಉಚಿತ ಪ್ರವಾಸ ಬಂದಿದೆ, ದಂಪತಿ ಇಬ್ಬರೂ ಹೋಟೆಲಿಗೆ ಊಟಕ್ಕೆ ಬನ್ನಿ’ ಎಂದು ಫೋನ್ ಮಾಡುವವರದು. ಊಟ ನಿಜ. ಆಮೇಲೆ ಎರಡು ಗಂಟೆ ಕೂರಿಸಿ ಹತ್ತು ವರ್ಷದ ಮೆಂಬರ್‌ಶಿಪ್ಪಿಗೆ ಕಾರ್ಡ್ ಉಜ್ಜಿಸುತ್ತಾರೆ. ‘ಇವತ್ತೇ ಸಹಿ ಮಾಡಿದರೆ ಮಾತ್ರ’ ಎಂದರೆ ಎದ್ದು ಬನ್ನಿ.

ಹಾಗಾದರೆ ಯಾರಿಗೆ ಯಾವುದು

ಕೇರಳ, ಗೋವಾ, ಹಂಪಿ, ತಿರುಪತಿ: ಮೊಬೈಲ್ ಬಳಸಲು ಬರುವವರು ಒಬ್ಬರಿದ್ದರೆ ಸಾಕು, ನೀವೇ ಮಾಡಿ. ಏಜೆಂಟಿಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ.

ಅಪ್ಪ ಅಮ್ಮ ಇಬ್ಬರೇ ಕಾಶಿ, ಚಾರ್‌ಧಾಮ್: ಸರ್ಕಾರಿ ಟೂರ್, ಇಲ್ಲವೇ ಅಡುಗೆಯವರನ್ನು ಕರೆದೊಯ್ಯುವ, ಹಿಂದೆ ಹೋಗಿ ಬಂದವರ ಫೋನ್ ನಂಬರ್ ಕೊಡಬಲ್ಲ ಯಾತ್ರೆ ಟೂರ್. ಇಲ್ಲಿ ದುಡ್ಡು ಉಳಿಸುವ ಆಸೆ ಬೇಡ.

ಮಕ್ಕಳ ಜೊತೆ ಕಾಶ್ಮೀರ, ಅಂಡಮಾನ್: ನನ್ನ ಆಯ್ಕೆ ಎರಡನ್ನೂ ಬೆರೆಸುವುದು. ವಿಮಾನ ಟಿಕೆಟ್ ನಿಮ್ಮ ಹೆಸರಲ್ಲಿ ನೀವೇ ತೆಗೆಯಿರಿ. ಹೋಟೆಲ್, ಗಾಡಿ, ಫೆರ್ರಿ ಏಜೆಂಟಿಗೆ ಬಿಡಿ, ಒಂದಷ್ಟು ಅಲ್ಲಿಗೆ ಹೋದ ಮೇಲೆ ಕೊಡುವಂತೆ ಮಾತಾಡಿ. ದೊಡ್ಡ ಮೊತ್ತ ವಿಮಾನದ್ದೇ ಆದ್ದರಿಂದ ಏಜೆಂಟ್ ಕೈಕೊಟ್ಟರೂ ಪ್ರವಾಸ ನಿಲ್ಲುವುದಿಲ್ಲ. ಕೊರತೆ ಏನೆಂದರೆ ವಿಮಾನ ತಡವಾಗಿ ಒಂದು ರಾತ್ರಿಯ ಹೋಟೆಲ್ ಹೋದರೆ ಏಜೆಂಟ್ ‘ಟಿಕೆಟ್ ನಿಮ್ಮದು’ ಎಂದು ಕೈ ತೊಳೆದುಕೊಳ್ಳಬಹುದು.

ಮೊದಲ ಸಲ ವಿದೇಶ, ಅದರಲ್ಲೂ ವೀಸಾ ಕಾಗದ ಜಾಸ್ತಿ ಇರುವ ಯುರೋಪ್: ಏಜೆನ್ಸಿಗೆ ಕೊಡಿ. ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಎನ್ನುವುದನ್ನು ಮಾತ್ರ ಬರೆಸಿಕೊಳ್ಳಿ.

ಕಾರ್ಡಿನಲ್ಲಿ ಕಟ್ಟಲು ಆಗುವುದಾದರೆ ಕ್ರೆಡಿಟ್ ಕಾರ್ಡೇ ಒಳ್ಳೆಯದು. ಸೇವೆ ಕೊಡದಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಲು ದಾರಿ ಇರುತ್ತದೆ. ನಗದು ಕೊಟ್ಟರೆ ರಸೀದಿ ಇಲ್ಲದೆ ಏಳಬೇಡಿ. ಮೋಸವಾಯಿತು ಎಂದು ಗೊತ್ತಾದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಸೇವೆಯ ಕೊರತೆಗೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ದೂರು ಹಾಕಬಹುದು. ಕೊಟ್ಟ ಮೊತ್ತ ₹5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಆಯೋಗದಲ್ಲಿ ನಿಲ್ಲುವುದು ಕಾಗದ. ಅದಕ್ಕೇ ಮುಂಗಡ ಕೊಡುವ ಮೊದಲು ಏಜೆಂಟಿಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಮೆಸೇಜ್ ಕಳಿಸಿ. ಬೇಕಾದರೆ ಇದನ್ನೇ ಕಾಪಿ ಮಾಡಿಕೊಳ್ಳಿ:

“ನಮಸ್ಕಾರ ಸರ್. ಮುಂಗಡ ಕಳಿಸುವ ಮೊದಲು ಇಷ್ಟು ಬರೆದು ತಿಳಿಸಿ. ಹೋಟೆಲುಗಳ ಹೆಸರು ಏನು, ಬದಲಾದರೆ ನಮ್ಮನ್ನು ಕೇಳುತ್ತೀರಾ? ನಮ್ಮ ಹೆಸರಿನ ಪಿಎನ್‌ಆರ್ ಯಾವ ತಾರೀಕಿಗೆ ಕೊಡುತ್ತೀರಿ? ರೇಟಿನಲ್ಲಿ ಸೇರದ ಖರ್ಚು ಯಾವುವು? ಜಿಎಸ್‌ಟಿ ಸೇರಿದೆಯಾ, ಬಿಲ್ ಯಾರ ಹೆಸರಲ್ಲಿ ಬರುತ್ತದೆ? ನಾವು 30 ದಿನ ಮೊದಲು, 7 ದಿನ ಮೊದಲು ರದ್ದು ಮಾಡಿದರೆ ಎಷ್ಟೆಷ್ಟು ವಾಪಸ್? ನೀವೇ ರದ್ದು ಮಾಡಿದರೆ ಎಷ್ಟು ದಿನದಲ್ಲಿ ಪೂರ್ತಿ ವಾಪಸ್? ಅಲ್ಲಿ ತೊಂದರೆಯಾದರೆ ರಾತ್ರಿ ಫೋನ್ ಎತ್ತುವವರು ಯಾರು, ಅವರ ನಂಬರ್?”